ಬಾಲದ ಸದ್ದು

ವಾಸ್ಕೋದ ಗುಡ್ಡದ ನೆತ್ತಿ, ನೀರಿನ ಟಾಕಿಯ ಪಕ್ಕ
ತಗಡಿನ ಖೋಲಿಯಲ್ಲಿ ನಮ್ಮ ರಿಪೀಟರ್.
ಒಂದು ಕಿವಿ, ಒಂದು ಬಾಯಿ, ನಡುವೆ ತಲೆಯಿಲ್ಲ.
ಜುವಾರಿಯ ಬಾರ್ಜು ಏನಂದರೆ ಅದನ್ನೇ
ಬಂದರಿಗೆ ಅಂದುಬಿಡುತ್ತದೆ,
ಒಗ್ಗರಣೆ ಹಾಕದೆ.

ತೊಂದರೆಯೆಲ್ಲ ಮಾತು ಮುಗಿದ ಮೇಲೆ.
ಗುಂಡಿ ಬಿಟ್ಟ ಕೂಡಲೇ ಖರ್ರ್...
ಕಾದ ಹೆಂಚಿಗೆ ನೀರು ಚಿಮುಕಿಸಿದ ಹಾಗೆ,
ದಿನಕ್ಕೆ ಸಾವಿರ ಸಲ.
ಸಾಹೇಬರು ಕಿವಿ ಮುಚ್ಚಿಕೊಂಡು
"ಇದರ ಬಾಲ ಕತ್ತರಿಸೋ" ಅಂದರು.

ಹೇಗೆ?
ಮಾತು ಮುಗಿಯಿತೆಂದು ಪೆಟ್ಟಿಗೆಗೆ ತಿಳಿಯುವಷ್ಟರಲ್ಲಿ
ಗದ್ದಲ ಹೊಸ್ತಿಲು ದಾಟಿರುತ್ತದೆ.
ಅದಕ್ಕೇ ಎಲ್ಲವನ್ನೂ ತಡೆಯಬೇಕು, ಮಾತನ್ನೂ,
ನೂರೈವತ್ತು ಮಿಲಿಸೆಕೆಂಡು, ಒಂದು ಎವೆಯಿಕ್ಕುವಷ್ಟು.
ಅಷ್ಟರಲ್ಲಿ ಬಾಗಿಲು ಹಾಕಬೇಕು.

ಚಿಪ್ಪಿನೊಳಗೆ ಸಾಲುಗಟ್ಟಿದ ಪುಟ್ಟ ಬಿಂದಿಗೆಗಳು;
ಟಿಕ್ ಅಂದರೆ ತನ್ನಲ್ಲಿದ್ದದ್ದನ್ನು
ಮುಂದಿನದಕ್ಕೆ ಸುರಿದು ಖಾಲಿ.
ನಕ್ಷೆ ನೋಡಿ ನಗು ಬಂತು:
ಇದು ನಮ್ಮವ್ವನ ಕೆಲಸ.
ಬೈನಾದಲ್ಲಿ ಸ್ಲ್ಯಾಬ್ ಹಾಕುವ ದಿನ
ನೆಲದಿಂದ ಮೂರನೇ ಮಾಳಿಗೆವರೆಗೆ
ವಿಜಾಪುರದ ಹೆಂಗಸರು,
ಕೈಯಿಂದ ಕೈಗೆ ಕಾಂಕ್ರೀಟಿನ ಬುಟ್ಟಿ.
ಹನ್ನೊಂದನೇ ಮೆಟ್ಟಿಲು ಅವಳದು.
ಮೇಲೆ ಏನು ಕಟ್ಟಿದರೋ ಅವಳು ನೋಡಲಿಲ್ಲ,
ಬುಟ್ಟಿ ಒಂದೂ ಬೀಳಲಿಲ್ಲ.

ಶನಿವಾರ ಬೆಸುಗೆ ಹಾಕಿ ಕೂರಿಸಿದೆ.
ಮಾತು, ಆಮೇಲೆ ಒರೆಸಿದ ಪಾಟಿಯಂಥ ಮೌನ.
ಸಾಹೇಬರು ಚಹಾ ಕುಡಿಸಿದರು.

ಸೋಮವಾರ ಕಂಟ್ರೋಲ್ ರೂಮಿನ
ಎಸ್ಪೆರಾನ್ಸಾ ಬಾಯಿ ಕರೆದಳು.
ಇಪ್ಪತ್ತೆರಡು ವರ್ಷದ ಕುರ್ಚಿ ಅವಳದು.
"ಏನು ಮಾಡಿದೆ ಪುತಾ?
ಯಾರು ಎಲ್ಲಿದ್ದಾರೋ ತಿಳಿಯುತ್ತಿಲ್ಲ.
ಚೋಡಣಕರನ ಬಾರ್ಜು ಕುಠ್ಠಾಳಿಯ ಸೇತುವೆಯಾಚೆ ಇದ್ದರೆ
ಬಾಲ ಉದ್ದ, ಹರಿದ ಅರಿವೆಯ ಹಾಗೆ.
ಹತ್ತಿರ ಬಂದರೆ ಗಿಡ್ಡ.
'ಬಂದೇಬಿಟ್ಟೆ ಬಾಯಿ' ಅಂತ ಅವನು ಸುಳ್ಳು ಹೇಳಬಹುದು,
ಅದು ಹೇಳುತ್ತಿರಲಿಲ್ಲ."

ಮತ್ತೆ ಗುಡ್ಡ ಹತ್ತಿದೆ.
ಸ್ಕ್ರೂ ಕಾಲು ಸುತ್ತು ಹಿಂದಕ್ಕೆ.
ಈಗ ಹತ್ತಿರದವರಿಗೆ ಮೌನ;
ದೂರದವರ ಹಿಂದೆ ಮಾತ್ರ ಹಲ್ಲಿಬಾಲದಷ್ಟು ಖರ್ರ್.
ಸಾಹೇಬರಿಗೆ ಹೇಳಿಲ್ಲ.

ಸಂಜೆ ಖೋಲಿಗೆ ಬೀಗ ಹಾಕುವಾಗ
ಚೋಡಣಕರ ಕರೆದ: "ಬಾಯಿ, ಇಲ್ಲೇ ಇದ್ದೀನಿ."
ಅವನು ಗುಂಡಿ ಬಿಟ್ಟು ಬೀಡಿ ಹುಡುಕುತ್ತಿರಬೇಕು.
ಆ 'ಇಲ್ಲೇ' ಇನ್ನೂ ಈ ಗುಡ್ಡದ ಮೇಲೆ,
ಹನ್ನೊಂದನೇ ಕೈಯಲ್ಲಿ.