ಬಾಕಿ ಮೂವತ್ತೆರಡು

ಪುಣೆಯಿಂದ ಐವತ್ತೈದು ನಿಮಿಷ.
ಕುಡಿಲಿಕ್ಕೆ ಕೊಟ್ಟ ನೀರು ಮುಗಿಯೂದ್ರಾಗ
ಕೆಳಗ ತಾರಿಹಾಳದ ತಗಡಿನ ಮಾಡುಗಳು
ಬಿಸಲಿಗೆ ಹೊಳದವು.
ಗಾಲಿ ನೆಲಾ ಮುಟ್ಟಿದಾಗ
ಬಾಯಾಗ ಇಲ್ಲದ ಸೀಟಿ ಊದಿದೆ.

ಹೊರಗ ಒಬ್ಬ ಹುಡುಗ ರಟ್ಟು ಹಿಡದು ನಿಂತಿದ್ದ:
‘ಮಿಸ್ಟರ್ ರುದ್ರಪ್ಪ ಶಿರಗುಪ್ಪಿ.’
ಮೂವತ್ತೊಂದು ವರ್ಷ ಎದಿ ಮ್ಯಾಲೆ
ಬರೇ ನಂಬರು ಹೊತ್ತವಗ
ತನ್ನ ಹೆಸರು ಇಷ್ಟು ಉದ್ದ ಐತಿ ಅನ್ನೂದು
ಮರತ ಹೋಗಿತ್ತು.
ಮಗಳು ಅಲ್ಲಿಂದನ ಮಾಡಿದ ಏರ್ಪಾಡು.
ಟ್ಯಾಕ್ಸಿ, ಎ.ಸಿ., ನಾಲ್ಕುನೂರಾ ಎಂಬತ್ತು,
ಎಂಟು ಕಿಲೋಮೀಟರಿಗೆ.
ಸ್ಟೇಜು ಹಾಕಿ ಲೆಕ್ಕಾ ಮಾಡಿದೆ.
ಯಾವ ಸ್ಟೇಜಿಗೂ ಕೂಡಲಿಲ್ಲ.

‘ತಮ್ಮಾ, ನಾ ಬಸ್ಸಿಗೆ ಹೊಕ್ಕೀನಿ.’
‘ಬಿಸಲೈತ್ರಿ ಯಜಮಾನ್ರ. ಗೇಟಿನ ತನಕಾ ನಡೀಬೇಕು.
ಬಸ್ಸು ಬಂದ್ರ ಬಂತು.’
ಬಂದ್ರ ಬಂತು ಅನ್ನೂದನ್ನ
ನನಗ ಹೇಳ್ತಾನ!
ಆದ್ರ ತಾಸಿನಿಂದ ಕಾದಾನ, ಪಾಪ,
ಸ್ಕೆಚ್ ಪೆನ್ನಿಲೆ ತಾನ ಬರದಾನ,
ಒಂದು ಒತ್ತಕ್ಷರಾ ತಪ್ಪಿಲ್ಲ.
ನೂರು ತಗದು ಕೊಟ್ಟೆ.
ಹತ್ತದ ಗಾಡಿಗೆ ನೂರು ರೂಪಾಯಿ ಟಿಕೀಟು ತಗೊಂಡವ
ಇಡೀ ಹುಬ್ಬಳ್ಳಿ ವಿಭಾಗದಾಗ ನಾನೊಬ್ಬನ ಇರಬೇಕು.

ಬಸ್ಸು ಬಂತು. ಬೋರ್ಡು ಸಿ.ಬಿ.ಟಿ.
ಸೂಟ್‌ಕೇಸಿಗೆ ಲಗೇಜು ಹರೀಬೇಕೊ ಬ್ಯಾಡೊ ಅಂತ
ಕಂಡಕ್ಟರ್ ಹುಡಿಗಿ ಒಂದ ಗಳಿಗಿ ನೋಡಿದಳು.
ನಾ ಆಗಿದ್ರ ಹರಿತಿದ್ದೆ. ಬಿಟ್ಟಳು.
ಐವತ್ತು ಕೊಟ್ಟೆ, ಟಿಕೀಟು ಹದಿನೆಂಟು.
‘ಚಿಲ್ಲರಿಲ್ರಿ ಅಜ್ಜಾರ.
ಮುಂಜಾನಿಂದ ಬರೇ ಹೆಣ್ಮಕ್ಕಳ ಸೊನ್ನಿ ಟಿಕೀಟು,
ಚೀಲದಾಗ ರೊಕ್ಕ ಎಲ್ಲಿಂದ ಬರಬೇಕು?’
ಹಿಂದ ೩೨ ಬರದು
ಸುತ್ತು ಹಾಕಿ ಕೊಟ್ಟಳು.

ಆ ಸುತ್ತು ಎಷ್ಟು ಹಾಕೇನಿ ನಾನು!
ಪೆನ್ಸಿಲ್ ಕಿವಿಗೆ ಇರತಿತ್ತು.
ತೊಂಬತ್ನಾಕರಾಗ, ಹೆಬಸೂರು ಗಾಡಿ.
ಮೊರದ ಹೊರಿ ಹೊತ್ತ ಒಬ್ಬಾಕಿ
ಕಿರೇಸೂರು ಕ್ರಾಸಿಗೆ ಇಳದಳು,
ಏಳೂವರಿ ಬಾಕಿ ಬಿಟ್ಟು.
ಸೀಟಿ ಹೊಡದಿದ್ದೆ, ಗಾಡಿ ಎದ್ದಿತ್ತು.
ಮುಂದಿನ ಸ್ಟೇಜಿಗೆ ಚೆಕಿಂಗಿನವರು.
ಚೀಲಾ ಸುರುವಿದ್ರು. ಏಳೂವರಿ ಹೆಚ್ಚು.
ಕಮ್ಮಿ ಬಿದ್ರ ಕೈಲಿಂದ ತುಂಬಬೇಕು,
ಹೆಚ್ಚು ಬಿದ್ರ ಮೆಮೊ.
ಮೊರದಾಕಿನ್ನ ಹುಡುಕಿ
ಆ ರಸ್ತೆದಾಗ ಭಾಳ ದಿನಾ
ಕ್ರಾಸು ಬಂದ ಕೂಡಲೆ ಬಗ್ಗಿ ನೋಡ್ತಿದ್ದೆ.
ಮಾರಿ ನೆನಪಿರಲಿಲ್ಲ, ಮೊರಾನ ನೋಡ್ತಿದ್ದೆ.

ಅಕ್ಷಯ ಪಾರ್ಕು. ಹೊಸ ಬಸ್‌ಸ್ಟ್ಯಾಂಡು. ಹೊಸೂರು.
ಹುಡಿಗಿ ಸೀಟಿ ಗಿಡ್ಡ ಊದ್ತಾಳ,
ಡ್ರೈವರಗ ಅಷ್ಟ ಸಾಕು.
ಚೆನ್ನಮ್ಮನ ಸರ್ಕಲ್ಲಿನ್ಯಾಗ ಎಲ್ಲಾ ನಿಂತವು,
ಬಸ್ಸು, ಆಟೋ, ನೀರಿನ ಟ್ಯಾಂಕರು.
ಮಗ್ಗಲಿಗೆ ಅದ ಟ್ಯಾಕ್ಸಿ!
ಹಿಂದ ಯಾರೋ ಬ್ಯಾರೆ ಮಂದಿ ಕುಂತಾರ.
ಮುಂದಿನ ಗಾಜಿಗೆ ಆನಿಸಿದ ರಟ್ಟು,
ನನ್ನ ಹೆಸರು.
ಹೆಸರು ಎ.ಸಿ.ಯಾಗ, ನಾನು ಕಿಡಕಿ ಕಡೆ.
ಇಬ್ಬರೂ ಕೂಡೇ ನಿಂತಿದ್ದಿವಿ.
ಹುಡುಗ ಗಾಜು ಇಳಿಸಿ ನಕ್ಕ.
ನಾನೂ ಕೈ ಮಾಡಿದೆ.

ಸಿ.ಬಿ.ಟಿ.ಗೆ ಮಂದಿ ಇಳದ್ರು.
‘ಇರಲಿ ಬಿಡವಾ’ ಅನ್ನೂ ಮಾತು
ನಾಲಿಗಿ ತುದಿಗೆ ಬಂದಿತ್ತು.
ದೊಡ್ಡಸ್ತನದ ಮಾತು. ನುಂಗಿದೆ.
ಬಾಗಲದಾಗ ಸೂಟ್‌ಕೇಸು ಇಟ್ಟು
ಗಟ್ಟಿಯಾಗಿ ನಿಂತೆ, ಸಾಲಗಾರನ ಗತೆ.
ಆಕಿ ಓಡಿ ಹೋಗಿ
ಚಾದಂಗಡ್ಯಾಗ ಮುರಿಸಿಕೊಂಡು ಬಂದಳು:
ಮೂರು ಹತ್ತು, ಎರಡು ರೂಪಾಯಿ ಬಿಲ್ಲೆ
ಚಹಾದ ಅಂಟಿನ ಸಹಿತ.
‘ಎಣಿಸ್ಕೋರಿ.’
ಎಣಿಸಿದೆ.
ಟಿಕೀಟು ವಾಪಸ್ ಇಸಗೊಂಡು
೩೨ರ ಮ್ಯಾಲೆ ಗೀಟು ಎಳದಳು.

ಫೋನು. ಮಗಳು.
‘ಅಪ್ಪಾ, ಟ್ಯಾಕ್ಸಿ ಸಿಕ್ತಾ?’
‘ಸಿಕ್ತವಾ,’ ಅಂದೆ,
‘ಚೆನ್ನಮ್ಮನ ಸರ್ಕಲ್ಲಿನ್ಯಾಗ.’