ಕೊನೆಯ ಐದು ನಿಮಿಷ

ಯಾವ ಸಿನಿಮಾದ ಮೊದಲನ್ನೂ ನಾನು ಕಂಡವಳಲ್ಲ, ಗ್ಯುಟೇ.
ಪೊರಕೆ, ಕಸದ ಚೀಲ ಹಿಡಿದು
ಪರದೆ ಪಕ್ಕದ ಬಾಗಿಲಲ್ಲಿ ಬಂದು ನಿಲ್ಲುವ ಹೊತ್ತಿಗೆ
ಎಲ್ಲರೂ ಆಗಲೇ ಸಾಯುತ್ತಿರುತ್ತಾರೆ.
ಹನ್ನೊಂದು ವರ್ಷ, ಬೂಸಾನಿನ ಈ ಥಿಯೇಟರಿನಲ್ಲಿ
ನನ್ನ ಪಾಲಿಗೆ ಬಂದದ್ದು ಬರೀ ಕೊನೆಗಳು.
ಯಾರು ಯಾರಿಗೆ ಏನು ದ್ರೋಹ ಮಾಡಿದರೋ,
ಆ ಚೂರಿ ಯಾರ ಅಪ್ಪನದೋ, ನನಗೇನು ಗೊತ್ತು.

ಇವತ್ತು ನೀವು ಒಂದೇ ಸಿನಿಮಾಕ್ಕೆ ಎರಡು ಕೊನೆ ತಂದಿರಿ.
ಒಂದನೇ ಹಾಲಿನಲ್ಲಿ ಆತ
ಬಂದರಿನ ಕಂಟೇನರಿಗೆ ಒರಗಿ ಸತ್ತ,
ಸಿಗರೇಟು ಮಾತ್ರ ಇನ್ನೂ ಉರಿಯುತ್ತಿತ್ತು.
ಕಾಲು ಗಂಟೆ ಕಳೆದು ಎರಡನೆಯದರಲ್ಲಿ
ಅದೇ ಮೂರು ಗುಂಡು, ಅದೇ ಅಂಗಿ,
ಆದರೆ ಎದ್ದ.
ಯಾವುದೋ ಬೀದಿಗಾಡಿಯ ಮುಂದೆ ಕೂತು
ಮೀನಿನ ಸಾರು ಊದಿ ಊದಿ ಕುಡಿದ.
ಜನ ಚಪ್ಪಾಳೆ ತಟ್ಟಿದರು.

ನೀನು ಕಾಗದ ಹಂಚಿದೆ, ಮೋಟು ಪೆನ್ಸಿಲ್ ಹಂಚಿದೆ.
ಹತ್ತಕ್ಕೆ ಎಷ್ಟು? ನಂಬುವಂತಿತ್ತೇ? ಗೆಳೆಯರಿಗೆ ಹೇಳುವಿರಾ?
ಕನ್ನಡಕದ ಹುಡುಗಿ ಅಂದಳು: ಸತ್ತರೇ ಸರಿ,
ಇಲ್ಲವಾದರೆ ಇಷ್ಟು ಹೊತ್ತು ಅವನ ಹಿಂದೆ ನಾನೇಕೆ ಓಡಿದೆ?
ಟ್ಯಾಕ್ಸಿಯವನು: ಒಂದು ದಿನದ ಬಾಡಿಗೆ ಬಿಟ್ಟು ಬಂದವನು,
ಹೆಣ ಹೊತ್ತು ಮನೆಗೆ ಹೋಗಲೇ?

ನನ್ನ ಲೆಕ್ಕ ಬೇರೆ. ಸೀಟಿನ ಕೆಳಗೆ ನೋಡು.
ಅವನು ಸತ್ತ ಹಾಲಿನಲ್ಲಿ ಪಾಪ್‌ಕಾರ್ನ್ ಅರ್ಧಕ್ಕೇ ನಿಂತಿದೆ,
ಯಾರೋ ಒಂದು ಕೈಗವಸು ಮರೆತಿದ್ದಾರೆ.
ಬದುಕಿದ ಹಾಲಿನಲ್ಲಿ ತಳದ ಉಪ್ಪನ್ನೂ ನೆಕ್ಕಿದ್ದಾರೆ,
ಏನನ್ನೂ ಮರೆತಿಲ್ಲ,
ಸಿನಿಮಾ ಒಂದನ್ನು ಬಿಟ್ಟರೆ.

ಹಾಗಂತ ಅಂಕ ಕೊಡು ಅಂದರೆ ಕೊಡಲಾರೆ.
ಎರಡೂ ಕೊನೆಯಲ್ಲಿ, ಗಮನಿಸಿದೆಯಾ,
ಹಳದಿ ರೇನ್‌ಕೋಟಿನ ಹುಡುಗನೊಬ್ಬ
ಕಬ್ಬಿಣದ ಮೆಟ್ಟಿಲಿಂದ ಉರುಳುತ್ತಾನೆ.
ಹೀರೋ ಸಾಯಲಿ, ಸಾರು ಕುಡಿಯಲಿ,
ಅವನು ಉರುಳುವುದು ಉರುಳುವುದೇ.
ಅವನಿಗೆ ಅಂತ ಇನ್ನೊಂದು ಸಲ ಕ್ಯಾಮೆರಾ ತಿರುಗಲಿಲ್ಲವೇ?
ಬಿದ್ದಲ್ಲೇ ಬಿದ್ದಿದ್ದಾನೆ,
ಒಂದು ಕಾಲಿನ ಶೂ ಕಳಚಿ, ಕಾಲುಚೀಲದ ಹಿಮ್ಮಡಿ ತೂತು.

ನಿನ್ನ ಕಾಗದದಲ್ಲಿ ಇದಕ್ಕೆ ಜಾಗ ಇಲ್ಲ.
ಅಂಚಿನಲ್ಲಿ ಬರೆದಿದ್ದೇನೆ, ಅಕ್ಷರ ಸೊಟ್ಟ:
ಅವನಿಗೆ ಶೂ ಹಾಕಿಸಿ.
ಕೆಳಗೆ ಓಕ್ ಮಲ್ಸುನ್, ಅರವತ್ತೆಂಟು, ರಾತ್ರಿ ಪಾಳಿ.

ಕಾಲೆತ್ತು, ಗುಡಿಸಬೇಕು.