ಮೂರನೇ ಭಾಗ

ಹನ್ನೊಂದು ವರ್ಷ ಆಕೆಯ ಕೈ
ಅಗಸೆಬಾಗಿಲ ಅಗುಳಿಯ ಮೇಲೇ ಇತ್ತು.
ಎರಡನೇ ಭಾಗದ ಕೊನೆಯ ಸಾಲು ಅದು:
‘ಒಂಟಿಗಣ್ಣಿನ ದೊರೆಸಾನಿ ಅಗುಳಿಗೆ ಕೈಯಿಟ್ಟಳು.’
ಆಮೇಲೆ ಬಿಳಿ ಹಾಳೆ. ಆಮೇಲೆ ರಟ್ಟು.

ಅಷ್ಟರಲ್ಲಿ ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ
ಕೂಗಿನ ಹರಾಜು ಹೋಗಿ ಮೊಬೈಲಿನ ಹರಾಜು ಬಂತು,
ನನ್ನ ಬಾಡಿಗೆ ಪುಸ್ತಕದಂಗಡಿಯ ಪಕ್ಕದ ಹೋಟೆಲು
ಮೂರು ಸಲ ಹೆಸರು ಬದಲಿಸಿತು,
ನನ್ನ ಬಲಗಣ್ಣಿಗೆ ಪೊರೆ ಬಂದು, ತೆಗೆಸಿದ್ದೂ ಆಯಿತು.
ದೊರೆಸಾನಿ ನಿಂತೇ ಇದ್ದಳು,
ಬೆನ್ನ ಹಿಂದೆ ಮಾತಾಡುವ ಕುದುರೆ
ಬಾಯಿ ಮುಚ್ಚಿಕೊಂಡು.

ಬಂದದ್ದು ಒಂದೇ ಪ್ರತಿ.
ಐವತ್ತು ರೂಪಾಯಿ ಮುಂಗಡ ಕೊಟ್ಟು ಕಾದವರು ಹದಿನಾಲ್ಕು ಜನ.
ಬೈಂಡಿನ ಕೆಲಸ ಬಲ್ಲವನು ನಾನು. ಬ್ಲೇಡು ತಗೊಂಡೆ,
ಬೆನ್ನು ಬಿಡಿಸಿದೆ, ಐದು ಕಂತೆ ಮಾಡಿದೆ.
ತಪ್ಪು, ಗೊತ್ತು. ಆದರೆ ಹದಿನಾಲ್ಕನೆಯವರ ಸರದಿ ಬರುವಷ್ಟರಲ್ಲಿ
ನಾಲ್ಕನೇ ಭಾಗ ಬಂದೀತು,
ಅಥವಾ ಬರೆಯುವವನೇ ಇಲ್ಲವಾದಾನು.

ಚಿಂತಾಮಣಿ ರೂಟಿನ ಕಂಡಕ್ಟರ್ ಗಂಗುಲಪ್ಪನಿಗೆ ಮೊದಲ ಕಂತೆ.
ಮೂರೇ ದಿನ. ತಂದು ಮೇಜಿಗೆ ಕುಕ್ಕಿದ:
“ನೂರಾ ಹತ್ತು ಪುಟ ಬೀಗ ಮಾಡೋನ ಕತೆ ಹೇಳ್ತಾನಲ್ರೀ!
ಕಬ್ಬಿಣ ಎಲ್ಲಿಂದ ತಂದ, ಇದ್ದಿಲು ಎಷ್ಟಕ್ಕೆ ತಂದ...
ಅಷ್ಟು ವರ್ಷ ನಿಂತವಳಿಗೆ
ಒಂದು ಲೋಟ ನೀರಾದ್ರೂ ಕೊಡಬಾರದಾ?”

ಮುಬೀನಾಳಿಗೆ ಸಿಕ್ಕಿದ್ದು ನಡುವಿನದು, ತಲೆಬಾಲವಿಲ್ಲದ್ದು.
ಗೂಡು ಬೇಯಿಸುವ ನೀರಲ್ಲಿ ಬೆಳ್ಳಗೆ ಸುಕ್ಕಾದ ಬೆರಳಿಂದ
ಹಾಳೆಯ ಅಂಚನ್ನಷ್ಟೇ ಹಿಡಿದು ವಾಪಸ್ ಕೊಟ್ಟಳು.
“ಬೀಗದವನು ಹೆಂಡತಿಗೂ ಹೇಳದೆ
ಎರಡನೇ ಕೀಲಿ ಮಾಡ್ತಾನಲ್ಲ ಅಣ್ಣ,
ಅಲ್ಲಿ ಎದ್ದು ಹೋಗಿ ಒಲೆ ಆರಿಸಿ ಬಂದು ಓದಿದೆ.”
ಒಲೆ ಆರಿದರೆ ಎಳೆ ಕಡಿಯುತ್ತೆ. ನನಗಿಂತ ಆಕೆಗೆ ಗೊತ್ತು.

ಡ್ರಾಯಿಂಗ್ ಮೇಷ್ಟ್ರು ದ್ಯಾವಪ್ಪ ಭೂಪಟದಲ್ಲೇ ತಪ್ಪು ಹಿಡಿದರು:
ಎರಡನೆಯದರಲ್ಲಿ ಮೂಡಣಕ್ಕೆ ಹರಿದ ಹೊಳೆ
ಮೂರನೆಯದರಲ್ಲಿ ಪಡುವಣಕ್ಕೆ ತಿರುಗಿದೆಯಂತೆ.
“ಬರೆದವನಿಗೇ ಮರೆತಿದೆ. ನಮಗೆ ಮರೆತಿಲ್ಲ.”
ಪೆನ್ಸಿಲಿನಲ್ಲಿ ಹೊಳೆ ತಿದ್ದಿ ಕೊಟ್ಟರು.
ಹೊಳೆಯೇ ಇಲ್ಲದ ಊರಿನವರು ನಾವು,
ಅದರ ದಿಕ್ಕಿನ ಮೇಲೆ ಟೀ ಅಂಗಡಿಯಲ್ಲಿ ಎರಡು ಸಂಜೆ ಜಗಳ.

ಹತ್ತನೇ ಕ್ಲಾಸಿನ ಲಿಖಿತಾ
ಮೂರೂ ಭಾಗವನ್ನು ದಸರಾ ರಜೆಯಲ್ಲಿ ಒಂದೇ ಏಟಿಗೆ ಮುಗಿಸಿದಳು.
“ಯಾಕೆ ಎಲ್ರೂ ಬೈತೀರಾ ಅಂಕಲ್?
ಪುಟ ತಿರುವಿದೆ, ಮುಂದಿನದು ಇತ್ತು.”
ಕಾಯದವರ ನಾಲಗೆಗೆ ಉಪ್ಪು ಸರಿಯಾಗೇ ಇರುತ್ತೆ.

ಐದೂ ಕಂತೆ ಮರಳಿದವು, ಒಂದರ ಮೇಲೆ ಸಾರಿನ ಕಲೆ.
ಮುಬೀನಾ ಕೊಟ್ಟ ರೇಷ್ಮೆಯೆಳೆ ಹೊಸೆದು
ಬೆನ್ನು ಹೊಲಿಯುತ್ತಾ ಕೂತಿದ್ದೆ. ಆಗ ಬಂದಳು
ಬಯ್ಯಣ್ಣನ ಹೆಂಡತಿ, ಮುಂಗಡದ ಚೀಟಿ ಹಿಡಿದು.
ಪಟ್ಟಿಯಲ್ಲಿ ಮೊದಲ ಹೆಸರು ಬಯ್ಯಣ್ಣನದು.
ಹೋದ ವರ್ಷ ಶಿವರಾತ್ರಿ ಕಳೆದು ವಾರಕ್ಕೆ ತೀರಿಕೊಂಡ.

ಓದು ಬಾರದ ಆಕೆಗೆ ಕತೆಯೆಲ್ಲ ಬಾಯಿಪಾಠ.
ರಾತ್ರಿ ದೀಪ ಆರಿಸಿದ ಮೇಲೆ ಹೇಳುತ್ತಿದ್ದನಂತೆ.
ಎರಡನೇ ಭಾಗ ಮುಗಿದ ಮೇಲೂ
ನಿಲ್ಲಿಸಲಿಲ್ಲವಂತೆ.

“ಇದ್ರಾಗೆ ಆ ಕುದ್ರೆ ಏನಾಗ್ತದೆ?”

ಸುಳ್ಳು ಹೇಳಬಹುದಿತ್ತು.
ಸಾಯುತ್ತೆ ತಾಯಿ, ಅಂದೆ. ನಾನೂರ ಆರನೇ ಪುಟ.

ಅಳತೆ ತಪ್ಪಿ ಹೊಲಿದ ರವಿಕೆಯನ್ನು ನೋಡುವ ಹಾಗೆ
ನನ್ನ ತೊಡೆಯ ಮೇಲಿದ್ದುದನ್ನು ನೋಡಿದಳು.
“ನಮ್ಮದ್ರಾಗೆ ಸಾಯ್ಲಿಲ್ಲಪ್ಪ.
ನಮ್ಮದ್ರಾಗೆ ಬಾಗ್ಲು ದಾಟ್ತು. ಮರಿ ಹಾಕ್ತು.”

ಹರಿದ ನೋಟು ಬೇಡ ಅಂತ ಬೇರೆ ಐವತ್ತು ಇಸಕೊಂಡು
ಬಿಸಿಲಿಗೆ ಇಳಿದುಹೋದಳು.
ಕೂಗಿ ಕರೆದು ಕೇಳಬೇಕಿತ್ತು,
ಬಾಗಿಲ ಆಚೆ ಏನಿತ್ತು ಅಂತ.
ಬಾಯಲ್ಲಿ ದಾರದ ತುದಿ ಕಚ್ಚಿಕೊಂಡಿದ್ದೆ.